ದೆರ್ನಾಳ ಅಗಸೆ ನೆಲ

ಕೊಲ್ವೇರ್ಟ್ ಊರಿನ ಗಂಡಸರು ಯಾರ ಮನೆಗೆ ಹೋದರೂ ಮೊದಲು ಮುಖ ನೋಡುವುದಿಲ್ಲ, ನೆಲ ನೋಡುತ್ತಾರೆ. ಮದುವೆಗೆ ಹೋದರೂ ಅಷ್ಟೇ, ಸಾವಿಗೆ ಹೋದರೂ ಅಷ್ಟೇ. ಚರ್ಚಿನಲ್ಲಿ ಪಾದ್ರಿ ಪ್ರಾರ್ಥನೆ ಹೇಳುವಾಗ ತಲೆ ತಗ್ಗಿಸಿ ನಿಂತ ಈ ಮುದುಕರನ್ನು ಕಂಡ ಹೊರಗಿನವರು ಎಂಥ ಭಕ್ತಿಯಪ್ಪಾ ಎಂದುಕೊಳ್ಳಬೇಕು. ಭಕ್ತಿಯೂ ಇಲ್ಲ, ಗಿಕ್ತಿಯೂ ಇಲ್ಲ. ಬಲಗಡೆ ಕಂಬದ ಹತ್ತಿರ ಕಪ್ಪು ಹರಳು ಸ್ವಲ್ಪ ಒತ್ತಾಗಿ ಬಿದ್ದಿದೆಯಲ್ಲ, ಅದನ್ನು ಹಾಕಿದ ದಡ್ಡ ಯಾರಿರಬಹುದು ಎಂಬ ಯೋಚನೆ. ಮೆದೂನಾ ಹೊಳೆಯ ಕಲ್ಲು ಆರಿಸಿ, ಒಡೆದು, ಸುಣ್ಣದಲ್ಲಿ ಕೂರಿಸಿ, ಉಜ್ಜಿ ಉಜ್ಜಿ ಮೊಸಾಯಿಕ್ ನೆಲ ಮಾಡುವುದು ಈ ಊರಿನ ಕಸುಬು. ಇಲ್ಲಿನ ತಾತಂದಿರು ಪ್ಯಾರಿಸ್ಸಿನಲ್ಲಿ, ಕೋಪನ್‌ಹೇಗನ್ನಿನಲ್ಲಿ, ಸಮುದ್ರದಾಚೆಯ ನ್ಯೂಯಾರ್ಕಿನಲ್ಲಿ ಮಂಡಿಯೂರಿ ದುಡಿದು ಬಂದವರು. ಹಾಗಾಗಿ ಊರಿನಲ್ಲಿ ಕೆಲಸ ಬಿಟ್ಟು ಕೂತ ಮುದುಕರು ಎಷ್ಟು ಜನರೋ, ನೆಲದ ವಿಷಯದಲ್ಲಿ ನ್ಯಾಯಾಧೀಶರು ಅಷ್ಟು ಜನ.

ಇಂಥ ಊರಿಗೆ ದೆರ್ನಾ ಸೊಸೆಯಾಗಿ ಬಂದದ್ದು ಕೆಳಗಿನ ಬಯಲಿನ ಚೀಸ್ ಮಾಡುವವರ ಮನೆಯಿಂದ. ಮದುವೆಯ ಹೊಸತರಲ್ಲಿ ಮಾವ ಜೆಲಿಂದೊ ಅವಳನ್ನು ಅಂಗಳದಲ್ಲಿ ನಿಲ್ಲಿಸಿ, ಅಂಗೈಯಲ್ಲಿ ಎರಡು ಬಿಳಿ ಕಲ್ಲು ಹಿಡಿದು, "ಇದ್ರಲ್ಲಿ ಹೊಳೇದು ಯಾವ್ದು, ಗುಡ್ಡದ್ದು ಯಾವ್ದು ಹೇಳಮ್ಮ" ಎಂದು ಕೇಳಿದ. ಅವಳು ಹೇಳಿದ್ದು ತಪ್ಪಾಯಿತು. ಅಷ್ಟು ಸಾಕಾಯಿತು. ಅವತ್ತಿನಿಂದ ಅವಳು ಹಾಲಿನ ಮನೆಯವಳು. ಮಗಳು ಹುಟ್ಟಿ, ಬೆಳೆದು, ಮದುವೆಯಾಗಿ ಊದಿನೆ ಪೇಟೆಗೆ ಹೋದರೂ ದೆರ್ನಾ ಹಾಲಿನ ಮನೆಯವಳೇ.

ಗಂಡ ನೆವಿಯೊನ ಕೈಯಲ್ಲಿ ಕರಣೆ ಕುಣಿಯುತ್ತಿತ್ತು, ಅದನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ. ಅವನ ಕಾಲಕ್ಕೆ ಸುಣ್ಣ ಹಿಂದೆ ಬಿದ್ದು ಎಪಾಕ್ಸಿ ಎಂಬ ರಾಸಾಯನಿಕ ಅಂಟು ಬಂತು. ರಾಳದ ಡಬ್ಬ ಒಂದು, ಅದನ್ನು ಗಟ್ಟಿ ಮಾಡುವ ಹಾರ್ಡ್‌ನರ್ ಡಬ್ಬ ಒಂದು. ಎರಡನ್ನೂ ಬೆರೆಸಿ, ಹರಳು ಸುರಿದು, ಗಟ್ಟಿಯಾಗುವುದರೊಳಗೆ ಹಾಸಬೇಕು. ಕೈಗವಸು, ಮುಖಕ್ಕೆ ಬಟ್ಟೆ, ಮೂಗಿಗೆ ಹೊಡೆಯುವ ವಾಸನೆ. ಕರಣೆ ಹಿಡಿಯುವುದು ಗಂಡಸಿನ ಕೆಲಸ, ಬಕೆಟ್ಟು ಕಲಸುವುದು ಅವಮಾನ ಎಂದುಕೊಂಡಿದ್ದ ಊರು ಅದು. ಬಕೆಟ್ಟು ದೆರ್ನಾಳ ಪಾಲಿಗೆ ಬಂತು. ಬಂದದ್ದನ್ನು ಅವಳು ಬಿಡಲಿಲ್ಲ. ಹಾಲು ಒಡೆಯುವ ಹೊತ್ತನ್ನು ಕಾಯುತ್ತಾ ಬೆಳೆದವಳಿಗೆ ರಾಳ ಬಿಗಿಯುವ ಹೊತ್ತನ್ನು ಕಾಯುವುದು ಹೊಸದೇನೂ ಅನ್ನಿಸಲಿಲ್ಲ.

ಹೀಗಿರುವಾಗ ಹೋದ ಚಳಿಗಾಲದಲ್ಲಿ ಊರಿನ ಹಾಲ್‌ನ ನೆಲ ಸೀಳಿತು. ನೆವಿಯೊ ಹಾಕಿದ್ದೇ ಆ ನೆಲ. ನೆಲದಡಿಯಲ್ಲಿ ಬಿಸಿನೀರಿನ ಕೊಳವೆ. ಹಾಲ್ ನೋಡಿಕೊಳ್ಳುವ ಇರ್ಮಾ ಭಾನುವಾರದ ಕುಣಿತಕ್ಕೆಂದು ಬಿಸಿಯನ್ನು ಪೂರ್ತಿ ತಿರುಗಿಸುವುದು, ಜನ ಬೆವರಿದರೆಂದು ಹೊರಗಿನ ಹಿಮಕ್ಕೆ ಬಾಗಿಲು ತೆಗೆದುಬಿಡುವುದು. ನೆಲ ಪಾಪ ಎಷ್ಟು ತಡೆದೀತು? ವೇದಿಕೆಯಿಂದ ಬಾಗಿಲವರೆಗೆ ಬಿರುಕು ಬಂತು.

"ನೆವಿಯೊ, ಬಾರೋ ಇಲ್ಲಿ," ಎಂದಳು ಇರ್ಮಾ. "ನಿನ್ನ ನೆಲ ನೋಡು, ನಮ್ಮತ್ತೆ ಹಿಮ್ಮಡಿ ಇದ್ದಂಗಿದೆ."

ನೆವಿಯೊ ಡಬ್ಬದ ಕಂಪನಿಯನ್ನು ಬೈದ, ಇರ್ಮಾಳ ಬಾಗಿಲನ್ನು ಬೈದ, ಹಿಮವನ್ನು ಬೈದ. ದೆರ್ನಾ ಮಾತ್ರ ಬಿರುಕಿನ ಪಕ್ಕ ಕೂತು ಬೆರಳಾಡಿಸಿದಳು. "ಗಟ್ಟಿ ಇರೋದೇ ಇದರ ರೋಗ," ಎಂದಳು. "ಸ್ವಲ್ಪ ಮೆತ್ತಗಾಗೋದನ್ನ ಕಲಿಸ್ಬೇಕು."

ಅವಳ ತಲೆಯಲ್ಲಿ ಒಂದು ವಿಷಯ ಕೂತು ಬಹಳ ದಿನವಾಗಿತ್ತು. ಅಗಸೆ ಎಣ್ಣೆಯನ್ನೇ ಕಾರ್ಖಾನೆಯಲ್ಲಿ ಹದ ಮಾಡಿ ಈಗ ಎಪಾಕ್ಸಿ ಮಾಡುತ್ತಾರಂತೆ, ಗಿಡದ ಎಣ್ಣೆಯ ಎಪಾಕ್ಸಿ. ಒಂದು ಡಬ್ಬವನ್ನು ರಾಳದ ವ್ಯಾಪಾರಿ ಮಾದರಿಗೆಂದು ಕೊಟ್ಟು ಹೋಗಿದ್ದ. ಅದೊಂದನ್ನೇ ಹಾಕಿದರೆ ನೆಲ ಮೆತ್ತಗೆ, ರಾಸಾಯನಿಕದ್ದೊಂದನ್ನೇ ಹಾಕಿದರೆ ನೆಲ ಪೆಡಸು. ಎರಡನ್ನೂ ಸರಿಯಾಗಿ ಕೂಡಿಸಿದರೆ?

ಕೂಡಿಸುವುದೇನು ಸುಲಭವೇ? ಆ ವಸಂತವೆಲ್ಲ ಮನೆ ತುಂಬ ಮಾದರಿ ಹಲಗೆಗಳು. ಅಗಸೆ ಹೆಚ್ಚಾದ ಹಲಗೆಯ ಮೇಲೆ ಕುರ್ಚಿ ಇಟ್ಟರೆ ಕಾಲು ಮೆಕ್ಕೆಜೋಳದ ಪೊಲೆಂಟಾ ಗಂಜಿಯಲ್ಲಿ ಚಮಚ ಇಳಿದಂತೆ ಇಳಿಯಿತು. ಇನ್ನೊಂದು ಹಲಗೆಯಲ್ಲಿ ಎರಡೂ ಒಂದಕ್ಕೊಂದು ಸೇರದೆ ಎಣ್ಣೆ ಮೇಲಕ್ಕೆ ಬಂದು, ವಾರಗಟ್ಟಲೆ ಬೆವರುತ್ತಾ ಕೂತಿತು. ಮತ್ತೊಂದರ ಮೇಲೆ ಬೆಕ್ಕು ನಡೆದು ಹೋಯಿತು; ಆ ಹೆಜ್ಜೆ ಇವತ್ತಿಗೂ ಹಾಗೇ ಇದೆ. ಕೆಟ್ಟ ಹಲಗೆಗಳು ಕೋಳಿಗೂಡಿನ ಬಾಗಿಲಾದವು, ಬಾವಿಯ ಮುಚ್ಚಳವಾದವು. ಜೆಲಿಂದೊ ಒಂದೊಂದನ್ನೂ ಕೋಲಿನಿಂದ ಕುಟ್ಟಿ ನೋಡಿ, "ಚೀಸ್ ಚೆನ್ನಾಗಿ ಬಂದಿದೆ, ಉಪ್ಪು ಸ್ವಲ್ಪ ಕಮ್ಮಿ," ಎನ್ನುತ್ತಿದ್ದ.

ಕೊನೆಗೊಂದು ಹಲಗೆ ಬಂತು. ಅದನ್ನು ದೆರ್ನಾ ಐಸ್‌ಪೆಟ್ಟಿಗೆಯಲ್ಲಿಟ್ಟಳು, ಒಲೆಯ ಮೇಲಿಟ್ಟಳು, ಮತ್ತೆ ಐಸ್‌ಪೆಟ್ಟಿಗೆಗೆ ಹಾಕಿದಳು, ಸುತ್ತಿಗೆಯಿಂದ ಹೊಡೆದಳು. ಸೀಳಲಿಲ್ಲ, ಬೆವರಲಿಲ್ಲ. ಅದನ್ನು ಊಟದ ಮೇಜಿನ ಮೇಲೆ ಗಂಡನ ತಟ್ಟೆಯ ಜಾಗದಲ್ಲಿಟ್ಟಳು.

ನೆವಿಯೊ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಚೆನ್ನಾಗಿದೆ ಅನ್ನಲು ಬಾಯಿ ಬರಲಿಲ್ಲ. "ಸರಿ, ಹಾಲ್‌ಗೆ ಇದನ್ನೇ ಹಾಕೋಣ," ಎಂದ. "ಆದ್ರೆ ಕೇಳಿಸ್ಕೋ. ಇದೇನಾದ್ರೂ ಕೆಟ್ರೆ, ನಾಳೆಯಿಂದ ಡಬ್ಬದ ಮೇಲೆ ಏನು ಬರ್ದಿದೆಯೋ ಅದೇ. ಬೆರೆಸೋಕೆ ಬೇರೆ ಯಾರನ್ನಾದ್ರೂ ಇಟ್ಕೋತೀನಿ. ನೀನು ಫೋನ್ ಎತ್ಕೊಂಡು ಮನೇಲಿರು."

"ಕೆಡದಿದ್ರೆ?"

"ಕೆಡದಿದ್ರೆ ನೋಡೋಣ."

"ನೋಡೋಣ ಗೀಡೋಣ ಎಲ್ಲ ಬೇಡ. ಕೆಡದಿದ್ರೆ ಇನ್ಮೇಲೆ ಬಕೆಟ್ಟಿಗೆ ಏನು ಬೀಳ್ಬೇಕು, ಎಷ್ಟು ಬೀಳ್ಬೇಕು ಅಂತ ನಾನು ಹೇಳ್ತೀನಿ. ನೀನೂ ಅಲ್ಲ, ನಿಮ್ಮಪ್ಪನೂ ಅಲ್ಲ."

"ಆಯ್ತು ಮಾರಾಯ್ತಿ."

ಚಳಿ ಶುರುವಾಗುವ ಹೊತ್ತಿಗೆ ಹಳೆಯ ನೆಲ ಕಿತ್ತರು. ನೆಲವನ್ನು ಭಾಗ ಮಾಡುವ ಹಿತ್ತಾಳೆ ಪಟ್ಟಿ ಕೂರಿಸಿದರು. ಹೊಸ ಮಿಶ್ರಣ ಹಾಸುವ ದಿನ ಬಂತು ನೋಡಿ, ಊರಿನ ನ್ಯಾಯಾಧೀಶರೆಲ್ಲ ಬೆಳಿಗ್ಗೆಯೇ ಹಾಜರು. ರಾಳ ತಣ್ಣಗಿದ್ದರೆ ಅಗಸೆ ಸರಿಯಾಗಿ ಬೆರೆಯದು, ಕೋಣೆ ಬೆಚ್ಚಗಿರಬೇಕು, ಬಾಗಿಲು ಹಾಕಿರಬೇಕು. ಇವರು ಒಬ್ಬೊಬ್ಬರಾಗಿ ಬಾಗಿಲು ತೆಗೆದು ಒಳಗೆ ಬರುವುದು, ತೆಗೆದ ಬಾಗಿಲಲ್ಲೇ ನಿಂತು ಮಾತಾಡುವುದು.

"ಬಾಗ್ಲು!" ಎಂದು ದೆರ್ನಾ ಕೂಗಿದಳು.

ಕೋಪನ್‌ಹೇಗನ್ನಿನಲ್ಲಿ ನಲವತ್ತು ವರ್ಷ ಕಳೆದು ಬಂದ ತೀತೆ ಒಳಗೆ ಬಂದು ಬಕೆಟ್ಟಿನೊಳಗೆ ಬಗ್ಗಿ ನೋಡಿದ. "ಇದು ಅಗಸೆ ಎಣ್ಣೇನಾ? ಅಗಸೆ ವಾಸನೇನೇ ಇಲ್ವಲ್ಲ?"

"ವಾಸನೆ ಇರಲ್ಲ. ಇದು ಹದ ಮಾಡಿದ್ದು. ತೀತಣ್ಣ, ಈಗ ಮಾತಾಡಿಸ್ಬೇಡಿ, ಹಾರ್ಡ್‌ನರ್ ಹಾಕಿಯಾಗಿದೆ. ಇದು ನಿಮ್ಗೂ ಕಾಯಲ್ಲ, ನಂಗೂ ಕಾಯಲ್ಲ."

"ನಾವು ಕೋಪನ್‌ಹೇಗನ್‌ನಲ್ಲಿ ಮಾತಾಡ್ತಾನೇ ಹಾಕ್ತಿದ್ವಿ."

"ಅದಕ್ಕೇ ನಿಮ್ಮನ್ನ ವಾಪಸ್ ಕಳಿಸಿದ್ದು. ಬಾಗ್ಲು!"

ಜೆಲಿಂದೊ ಗೋಡೆಗೆ ಒರಗಿ ಕುರ್ಚಿ ಹಾಕಿಕೊಂಡು ಕೂತಿದ್ದ. ಎಂಬತ್ತರ ಹತ್ತಿರದ ಮುದುಕ, ಮಂಡಿ ಎರಡೂ ಹೋಗಿದ್ದವು, ಆದರೂ ದಿನಾ ಬರುತ್ತಿದ್ದ. ಯಾರೂ ಕರೆಯುತ್ತಿರಲಿಲ್ಲ, ಯಾರೂ ಬೇಡ ಅನ್ನುವಂತೆಯೂ ಇರಲಿಲ್ಲ. ಅವಳು ಡಬ್ಬದಿಂದ ಅಗಸೆಯ ಪಾಲನ್ನು ತೂಗಿ ಸುರಿದಾಗಲೆಲ್ಲ ಅವನು ನಾಲಿಗೆಯಲ್ಲಿ ಲೊಚಗುಟ್ಟುವನು. ಅದು ಹೆಚ್ಚಾಯಿತೆಂದೋ ಕಮ್ಮಿಯಾಯಿತೆಂದೋ ಹೇಳುವನೇ? ಇಲ್ಲ. ಬರೀ ಲೊಚ್. ದೆರ್ನಾಳಿಗೆ ಆ ಸದ್ದು ಹಲ್ಲಿನ ನೋವಿನ ಹಾಗೆ ಕಾಡುತ್ತಿತ್ತು.

ಇನ್ನು ಗಟ್ಟಿಯಾಗುವ ಕಾಟ. ಅಗಸೆ ಸೇರಿದ ಮಿಶ್ರಣ ನಿಧಾನಕ್ಕೆ ಬಿಗಿಯುತ್ತದೆ ಎಂದು ಮೊದಲೇ ಹೇಳಿದ್ದಳು. ಹೇಳಿದರೆ ಕೇಳುವ ಜನವೇ? ಮಾರನೆಯ ದಿನವೇ ನೆವಿಯೊ ಹೆಬ್ಬೆರಳು ಒತ್ತಿ, "ಆಗಿಲ್ಲ," ಎಂದ. ಅದರ ಮರುದಿನ ಇರ್ಮಾ ಒತ್ತಿದಳು. ಆಮೇಲೆ ತೀತೆ ಒತ್ತಿದ. ಅಂಚೆಯವನೂ ಬಂದು ಒತ್ತಿ ಹೋದ. "ಇನ್ನೊಬ್ರು ಯಾರಾದ್ರೂ ಬೆರಳಿಟ್ರೆ ಆ ಬೆರಳನ್ನೂ ಸೇರ್ಸಿ ಪಾಲಿಶ್ ಹೊಡೀತೀನಿ," ಎಂದು ಅವಳು ಬಾಗಿಲಿಗೆ ಬೀಗ ಜಡಿದು ಕೀಲಿಯನ್ನು ಏಪ್ರನ್ನಿಗೆ ಹಾಕಿಕೊಂಡಳು.

ನೆಲ ತನ್ನ ಹೊತ್ತಿಗೆ ಗಟ್ಟಿಯಾಯಿತು. ಮಷೀನು ಹಾಕಿ ಉಜ್ಜಿದರು. ಹರಳುಗಳು ಒಂದೊಂದಾಗಿ ಕಣ್ಣು ಬಿಟ್ಟವು, ಹೊಳೆಯ ಬಿಳಿ, ಗುಡ್ಡದ ಕೆಂಪು, ಅಲ್ಲಲ್ಲಿ ಹಸಿರು. ಸಣ್ಣ ಸಣ್ಣ ತೂತುಗಳನ್ನು ಮುಚ್ಚಲು ಅದೇ ಮಿಶ್ರಣದ ತೆಳ್ಳನೆಯ ಕೊನೆಯ ಪದರ ಎಳೆದರು. ಅದೂ ಒಣಗಿತು. ದೆರ್ನಾ ಬರಿಗಾಲಲ್ಲಿ ಆ ಮೂಲೆಯಿಂದ ಈ ಮೂಲೆಗೆ ನಡೆದಳು. ಗಾಜಿನ ಹಾಗಿತ್ತು. ಕೀಲಿಯನ್ನು ಇರ್ಮಾಳಿಗೆ ಕೊಟ್ಟು ಮನೆಗೆ ಹೋಗಿ ಮಲಗಿದಳು.

ನಮ್ಮ ಕಡೆ ಕೆಲಸ ಮುಗಿದರೆ ಕೆಲಸದವರಿಗೆ ಮಾಲೀಕರು ಊಟ ಹಾಕಿಸಬೇಕು. ಅದಕ್ಕೆ ಲಿಕೋಫ್ ಎನ್ನುತ್ತೇವೆ. ಲಿಕೋಫ್ ಆಗದ ಮನೆಯಲ್ಲಿ ನೆಮ್ಮದಿ ಇರದು ಎಂದು ನಂಬಿದವರು ನಾವು. ಹಾಲ್‌ನ ಲಿಕೋಫ್ ಎಂದರೆ ಊರಿಗೆಲ್ಲ ಊಟ. ಶನಿವಾರ ಮಧ್ಯಾಹ್ನ ಇರ್ಮಾ ಆಲೂಗಡ್ಡೆ, ಚೀಸ್ ಕೂಡಿಸಿ ದೊಡ್ಡ ದೊಡ್ಡ ಕಾವಲಿಯಲ್ಲಿ ಫ್ರಿಕೋ ಸುಡುತ್ತಿದ್ದಳು. ವಾಸನೆ ಬೀದಿಯ ಕೊನೆಯವರೆಗೆ. ಜನ ಬಂದರು, ಎಂದಿನಂತೆ ತಲೆ ತಗ್ಗಿಸಿ ಬಂದರು. ಅಕಾರ್ಡಿಯನ್ ಶುರುವಾಯಿತು. ಇರ್ಮಾ ಏಪ್ರನ್ ಬಿಚ್ಚಿ, ನೆವಿಯೊನ ಕೈ ಹಿಡಿದು ಮೊದಲ ಕುಣಿತಕ್ಕೆ ಎಳೆದಳು.

ಎರಡು ಸುತ್ತು ಆಗಿರಲಿಲ್ಲ. ಇರ್ಮಾಳ ಕಾಲು ಮುಂದಕ್ಕೆ ಬಂತು, ಚಪ್ಪಲಿ ಹಿಂದೆಯೇ ಉಳಿಯಿತು.

ಮೊದಲು ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರೇ ಕಾಲೆತ್ತಿ ನೋಡಿಕೊಂಡರು. ಹೆಜ್ಜೆ ಎತ್ತಿದಾಗಲೆಲ್ಲ ಚರ್ ಚರ್ ಎನ್ನುವ ಸದ್ದು, ಅಂಟಿದ ಕಾಗದ ಬಿಡಿಸಿದ ಹಾಗೆ. ಅಕಾರ್ಡಿಯನ್ ನಿಂತಿತು. ಈಗ ಆ ಸದ್ದೊಂದೇ.

ಮನೆಯಲ್ಲಿ ವಾರಗಟ್ಟಲೆ ಬೆವರಿದ ಆ ಹಲಗೆ ದೆರ್ನಾಳ ಕಣ್ಣ ಮುಂದೆ ಬಂತು. ಎರಡೂ ಸೇರಲಿಲ್ಲವೇ? ಒಣಗಿದ ಹಾಗೆ ನಟಿಸಿ ಈಗ ಎಣ್ಣೆ ಮೇಲೆ ಬಂತೇ? ಅದೇ ಪ್ರಮಾಣ, ಅದೇ ಡಬ್ಬ, ಅದೇ ಬಿಸಿ. ಬಾಗಿಲು! ಈ ಹಾಳು ಮುದುಕರು ತೆಗೆದ ಬಾಗಿಲಿನ ಚಳಿಗೆ ಹೀಗಾಯಿತೇ?

ನೆವಿಯೊ ಜನರ ಮುಂದೆಯೇ ಅವಳ ಹತ್ತಿರ ಬಂದ. ಅವನ ಕಿವಿ ಕೆಂಪಾಗಿತ್ತು. "ಬೆವರ್ತಾ ಇದೆ ನಿನ್ನ ನೆಲ," ಎಂದ. "ಸೋಮವಾರ ಕಿತ್ ಹಾಕ್ತೀನಿ. ಡಬ್ಬದ ಮೇಲೆ ಬರ್ದಿರೋದನ್ನೇ ಹಾಕ್ತೀನಿ. ಇನ್ನು ಆ ಮಾತು ಮನೇಲಿ ಎತ್ಬೇಡ."

"ಒಂದ್ನಿಮಿಷ ತಡಿ."

"ಏನ್ ತಡೀಲಿ? ಕಾಲು ಬಿಡ್ಸ್ಕೊಳ್ಳೋಕೇ ಒಂದ್ನಿಮಿಷ ಬೇಕು."

"ಹಾಲಿನ ಮನೆಯವ್ಳು ಬೆಣ್ಣೆ ಹಾಕಿರ್ಬೇಕು," ಎಂದು ಹಿಂದಿನಿಂದ ತೀತೆ.

ದೆರ್ನಾ ಮಂಡಿಯೂರಿದಳು. ಅಂಗೈ ಒತ್ತಿದಳು, ಅಂಟಿತು. ಕಿಟಕಿಯ ಬೆಳಕಿಗೆ ಓರೆಯಾಗಿ ನೋಡಿದಾಗ ನೆಲದ ಮೇಲೆ ಬೀಸಣಿಗೆಯಂತೆ ಅರ್ಧಚಂದ್ರಗಳು, ಒಂದರ ಹಿಂದೊಂದು, ವೇದಿಕೆಯ ಕಡೆಯಿಂದ ಬಾಗಿಲ ಕಡೆಗೆ. ಬೆವರುವ ನೆಲ ಇಷ್ಟು ಅಂದವಾಗಿ ಸಾಲು ಹಿಡಿದು ಬೆವರುವುದಿಲ್ಲ. ಅವಳು ಎದ್ದು ಮೂಲೆಗೆ ಹೋಗಿ, ಅಲ್ಲಿ ಒಂದರ ಮೇಲೊಂದು ಜೋಡಿಸಿಟ್ಟಿದ್ದ ಕುರ್ಚಿಗಳನ್ನು ದರದರನೆ ಎಳೆದಳು. ಕುರ್ಚಿಯ ಕೆಳಗಿನ ನೆಲ ಮುಟ್ಟಿದಳು. ಗಾಜಿನಂತೆ ಒಣ. ಅಲ್ಲಿಂದ ಒಂದು ಗೇಣು ಈಚೆ ಅಂಟು. ಕರವಸ್ತ್ರದಲ್ಲಿ ಒರೆಸಿ ಮೂಗಿಗೆ ಹಿಡಿದಳು. ಕಾಯಿಸಿದ ಅಗಸೆ ಎಣ್ಣೆ. ಸುಣ್ಣದ ನೆಲಕ್ಕೆ ಕೊನೆಯಲ್ಲಿ ಕುಡಿಸಲೆಂದು ಮಾವ ಕೊಟ್ಟಿಗೆಯಲ್ಲಿ ಮುಚ್ಚಳವಿಲ್ಲದೆ ಇಟ್ಟಿರುತ್ತಾನಲ್ಲ, ಆ ಎಣ್ಣೆ.

"ಮಾವ," ಎಂದಳು. ದನಿ ಇನ್ನೂ ಮೆತ್ತಗಿತ್ತು. "ನಿನ್ನೆ ನೀವು ಇಲ್ಲಿಗೆ ಬಂದಿದ್ರಾ?"

ಜೆಲಿಂದೊ ಫ್ರಿಕೋ ತಟ್ಟೆಯಿಂದ ತಲೆಯೆತ್ತಿದ. ಅವನ ಮುಖದಲ್ಲಿ ತಪ್ಪು ಮಾಡಿದ ಕಳೆ ಇರಲಿಲ್ಲ, ಹೊಗಳಿಕೆಗೆ ಕಾದವನ ಕಳೆ ಇತ್ತು. "ಬಂದಿದ್ದೆ. ಇರ್ಮಾ ಕೀಲಿ ಕೊಟ್ಲು. ನೀವೆಲ್ಲ ಮರ್ತೇ ಬಿಟ್ಟಿದ್ರಿ. ಕೊನೇ ದಿನ ಎಣ್ಣೆ ಕುಡಿಸ್ದೆ ನೆಲಾನ ಯಾರಾದ್ರೂ ಹಂಗೇ ಬಿಡ್ತಾರಾ? ಈ ಮಂಡೀಲಿ ಇಡೀ ಹಾಲ್ ಉಜ್ಜಿದೀನಿ."

"ನೀವು ಎಣ್ಣೆ ಹಾಕಿದ್ರಾ?" ದೆರ್ನಾಳ ದನಿ ಈಗ ಛಾವಣಿ ಮುಟ್ಟಿತು. "ಈ ನೆಲಕ್ಕಾ? ಮಾವ, ಇದು ಸುಣ್ಣದ ನೆಲ ಅಲ್ಲ! ಇದು ಎಣ್ಣೆ ಕುಡಿಯಲ್ಲ!"

ಇಷ್ಟು ಹೇಳಿದರೆ ಮುಗಿಯಿತು ಎಂದುಕೊಂಡಿದ್ದಳು ಪಾಪ. ಮುದುಕರೆಲ್ಲ ಎದ್ದು ನಿಂತರು.

"ಅಲ್ಲಮ್ಮ, ಎಣ್ಣೆ ಹಾಕಿದ್ದು ಸರೀನೇ," ಎಂದ ತೀತೆ.

"ಹಾಕ್ಲೇಬೇಕು," ಎಂದ ಇನ್ನೊಬ್ಬ. "ನಮ್ಮಪ್ಪ ಸಾಯೋ ಹೊತ್ನಲ್ಲೂ ಎಣ್ಣೆ ಹಾಕಿದ್ರಾ ಅಂತ ಕೇಳಿದ್ದ."

"ಎಣ್ಣೆ ಕುಡೀದೇ ಇರೋದು ಅದೆಂಥ ನೆಲ? ತಪ್ಪು ನೆಲದ್ದು."

"ಅಗಸೆ ಇದೆ ಅಗಸೆ ಇದೆ ಅಂತ ನೀನೇ ತಾನೆ ಊರಿಗೆಲ್ಲ ಸಾರಿದ್ದು?" ಎಂದ ಜೆಲಿಂದೊ, ನಿಜಕ್ಕೂ ನೊಂದು. "ಅಗಸೆ ಅಗಸೇನ ಬೇಡ ಅನ್ನುತ್ತಾ?"

ದೆರ್ನಾ ತಲೆ ಹಿಡಿದುಕೊಂಡಳು. ಕಾರ್ಖಾನೆಯ ವಿಷಯ, ಹದ ಮಾಡಿದ ಎಣ್ಣೆಗೂ ಕಾಯಿಸಿದ ಎಣ್ಣೆಗೂ ಇರುವ ವ್ಯತ್ಯಾಸ, ಒಂದು ಹಾರ್ಡ್‌ನರ್ ಜೊತೆ ಕೈಹಿಡಿದು ಗಟ್ಟಿಯಾಗುವುದು, ಇನ್ನೊಂದು ಮೇಲೆ ಕೂತು ಅಂಟಾಗುವುದು, ಇದನ್ನೆಲ್ಲ ಇವರಿಗೆ ಯಾವ ಭಾಷೆಯಲ್ಲಿ ಹೇಳುವುದು? ಬೆಳಿಗ್ಗೆಯಿಂದ ಸಂಜೆಯವರೆಗೆ ಹೇಳಿದರೂ ಕೊನೆಗೆ ಕೋಪನ್‌ಹೇಗನ್ನಿಗೇ ಬಂದು ನಿಲ್ಲುತ್ತಾರೆ. ಅವಳು ಉಸಿರೆಳೆದುಕೊಂಡಳು.

"ಮಾವ, ಊಟ ಮಾಡ್ಕೊಂಡು ಬಂದವ್ರಿಗೆ ಮತ್ತೆ ಬಡಿಸಿದ್ರೆ ಏನಾಗುತ್ತೆ? ಬೇಡ ಅಂತಾರೆ. ಅವರು ಬೇಡ ಅಂದ್ರೂ ನೀವು ಬಡಿಸ್ತಾನೇ ಇದ್ರೆ ತಟ್ಟೇಲಿ ಉಳಿಯುತ್ತೆ. ಈ ನೆಲ ಹೊಟ್ಟೆ ತುಂಬ ಎಣ್ಣೆ ಕುಡಿದೇ ಬಂದಿದೆ. ನಾನೇ ಕುಡಿಸಿದೀನಿ, ಬಕೆಟ್ಟಲ್ಲಿ. ನೀವೆಲ್ಲ ಬಾಗ್ಲು ತೆಗೆದು ನಿಂತಿದ್ರಲ್ಲ, ಅವಾಗ."

ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಕುಡಿದೇ ಬಂದಿದ್ಯಾ," ಎಂದ ತೀತೆ, ಗೌರವದಿಂದ. ಎಪಾಕ್ಸಿ ಅರ್ಥವಾಗದ ಜನಕ್ಕೆ ಇದು ಅರ್ಥವಾಯಿತು.

ಇರ್ಮಾ ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲು ಬರಿ, ಹಾಗೇ ಅಡುಗೆಮನೆಗೆ ಹೋಗಿ ಟರ್ಪೆಂಟೈನ್, ಬಿಸಿನೀರು, ಸೋಪು, ಬಟ್ಟೆ ತಂದು ನಡುವೆ ಇಟ್ಟಳು. "ತಪ್ಪು ಎಣ್ಣೆದೋ ನೆಲದ್ದೋ ಆಮೇಲೆ ತೀರ್ಮಾನ ಮಾಡ್ಕೊಳ್ಳಿ. ಒರೆಸದವ್ರಿಗೆ ವೈನ್ ಇಲ್ಲ," ಎಂದಳು.

ಆಹಾ, ಆ ನೋಟ! ಮೂರು ದೇಶಗಳ ನೆಲ ಹಾಕಿದ ಮಂಡಿಗಳು ಮತ್ತೆ ಬಗ್ಗಿದವು. ಒಬ್ಬ ಟರ್ಪೆಂಟೈನ್ ಒರೆಸುವನು, ಹಿಂದಿನವನು ಸೋಪು ಉಜ್ಜುವನು, ಅವನ ಹಿಂದಿನವನು ಇಬ್ಬರನ್ನೂ ಬೈಯುವನು. ಅಂಟು ಎದ್ದು ಬಂದ ಕಡೆಯಲ್ಲೆಲ್ಲ ನೆಲ ಮೊದಲಿನಂತೆ ಹೊಳೆಯಿತು. ನೆವಿಯೊನೂ ಮಂಡಿಯೂರಿದ. ಹಳೆಯ ಬಿರುಕು ಇದ್ದ ಜಾಗವನ್ನು ಹುಡುಕಿ, ಅಲ್ಲಿ ಒಂದಷ್ಟು ಹೊತ್ತು ಬಗ್ಗಿ ನೋಡಿದ. ಇರ್ಮಾ ಅಡುಗೆಯ ಬಿಸಿಗೆ ಬೆಳಿಗ್ಗೆಯಿಂದ ಬಾಗಿಲು ತೆಗೆದೇ ಇಟ್ಟಿದ್ದಳು, ಹೊರಗೆ ಕೊರೆಯುವ ಚಳಿ, ನೆಲದಡಿಯ ಕೊಳವೆ ಪೂರ್ತಿ ಬಿಸಿ. ಎಲ್ಲೂ ಕೂದಲೆಳೆಯಷ್ಟು ಗೆರೆಯೂ ಇಲ್ಲ.

ದೆರ್ನಾ ಕುರ್ಚಿ ಎಳೆದುಕೊಂಡು ಕೂತು ಆರಿ ತಣ್ಣಗಾದ ಫ್ರಿಕೋ ತಿಂದಳು. ನೆವಿಯೊ ಒದ್ದೆ ಬಟ್ಟೆ ಹಿಂಡುತ್ತಾ ಅವಳ ಬಳಿ ಬಂದು ನಿಂತ.

"ಸ್ಪಿಲಿಂಬೆರ್ಗೊ ಪೇಟೆ ಔಷಧಿ ಅಂಗ್ಡಿ ಕೆಲಸ ಬಂದಿದ್ಯಲ್ಲ, ಅದರ ನೆಲಕ್ಕೆ," ಎಂದು ಬಟ್ಟೆಗೇ ಹೇಳಿದ, "ಅಗಸೆ ಡಬ್ಬ ಎಷ್ಟು ತರಿಸ್ಲಿ?"

"ಏನಂದೆ? ಕೇಳಿಸ್ಲಿಲ್ಲ."

"ಕೇಳಿಸ್ತು ನಿಂಗೆ."

"ಅಂಟು ಸದ್ದಲ್ಲಿ ಕೇಳಿಸ್ಲಿಲ್ಲ. ಜೋರಾಗಿ ಹೇಳು. ಸೋಮವಾರ ಕಿತ್ ಹಾಕ್ತೀನಿ ಅಂದಾಗ ಎಷ್ಟು ಜೋರಿತ್ತೋ ಅಷ್ಟು."

ನೆವಿಯೊ ಹಾಲ್ ಕಡೆ ತಿರುಗಿದ. "ಬಕೆಟ್ಟಿಗೆ ಏನು ಬೀಳ್ಬೇಕು ಅಂತ ಇನ್ಮೇಲೆ ದೆರ್ನಾನೇ ಹೇಳ್ತಾಳೆ," ಎಂದು ಕಿರುಚಿದ. "ಆಯ್ತಾ?"

"ಅದು ನಮ್ಗೆ ಯಾವತ್ತೋ ಗೊತ್ತಿತ್ತಲ್ಲ," ಎಂದ ತೀತೆ, ಮಂಡಿಯಿಂದ ಏಳದೆ.

ಎಲ್ಲ ಮುಗಿಯಿತು ಎನ್ನುವಾಗ ದೆರ್ನಾಳ ಕಣ್ಣು ಬಾಗಿಲ ಬಳಿ ಹೋಯಿತು. ಜೆಲಿಂದೊ ಒಬ್ಬನೇ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದ. ಅವಳು ಹೋಗಿ ಪಕ್ಕದಲ್ಲಿ ನಿಂತಳು. ಬೈಯಬೇಕೆಂದೇ ಹೋದದ್ದು. ಇಷ್ಟು ವರ್ಷದ್ದೆಲ್ಲ ಸೇರಿಸಿ ಬೈಯಬೇಕೆಂದು.

"ಕೊನೇ ದಿನದ ಎಣ್ಣೆ ನಂದು," ಎಂದ ಅವನು ಬೀದಿ ನೋಡುತ್ತಾ. "ಮಂಡಿ ಹೋದ್ಮೇಲೆ ಕರಣೆ ನೆವಿಯೊಂದು, ಮಷೀನು ಅವನ್ದು. ಅಲ್ಲೊಂದು ಇಲ್ಲೊಂದು ಸುಣ್ಣದ ನೆಲ ಬಂದ್ರೆ ಎಣ್ಣೆ ಒಂದು ನಂಗೆ ಉಳಿಸಿದ್ರು. ಈಗ ನೆಲ ಕುಡಿದೇ ಬಂದ್ರೆ ನಾನು ಬಂದು ಏನ್ ಮಾಡ್ಲಿ?"

ದೆರ್ನಾ ತಿರುಗಿ ಒಳಗೆ ಹೋದಳು. ಅವಳಿಗೆ ಇನ್ನೂ ಸಿಟ್ಟಿತ್ತು, ಆ ಸಿಟ್ಟನ್ನು ಈಗ ಎಲ್ಲಿಡುವುದೆಂದು ತಿಳಿಯದೆ ಇನ್ನಷ್ಟು ಸಿಟ್ಟು ಬಂತು.

ಔಷಧಿ ಅಂಗಡಿಯ ಕೆಲಸ ಶುರುವಾದ ಬೆಳಿಗ್ಗೆ ಅವಳೇ ವ್ಯಾನು ತಂದು ಮನೆಯ ಮುಂದೆ ನಿಲ್ಲಿಸಿ ಹಾರ್ನ್ ಹೊಡೆದಳು. "ಹತ್ತಿ ಮಾವ," ಎಂದಳು. "ಅಗಸೆ ಪಾಲು ಬಕೆಟ್ಟಿಗೆ ನೀವು ಸುರೀರಿ. ತೂಕ ನಾನು ಹೇಳ್ತೀನಿ. ನಾನು ಹೇಳಿದಷ್ಟೇ. ಒಂದು ತೊಟ್ಟು ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ."

ಮುದುಕ ಒಗೆದ ಅಂಗಿ ಹಾಕಿಕೊಂಡು ಬಂದಿದ್ದ. ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು, ಎರಡೂ ಕೈಯಲ್ಲಿ ಡಬ್ಬ ಹಿಡಿದು, ತೆಳ್ಳಗೆ ನೂಲಿಳಿದಂತೆ ಸುರಿದ. ಒಳ್ಳೆಯ ಕೈ, ಒಂದು ಹನಿ ಹೊರಗೆ ಬೀಳಲಿಲ್ಲ. ದೆರ್ನಾ ತಕ್ಕಡಿ ನೋಡುತ್ತಾ, "ಸಾಕು," ಎಂದಳು.

ಜೆಲಿಂದೊ ಡಬ್ಬ ಎತ್ತಲಿಲ್ಲ. "ಇಷ್ಟೇನಾ?" ಎಂದ.

"ಮಾವ, ಸಾಕು ಅಂದೆ."

"ಇನ್ನೊಂಚೂರು. ಕಣ್ಣಿಗೆ ಬೀಳದಷ್ಟು."

"ಡಬ್ಬ ಕೊಡಿ ಇಲ್ಲಿ!" ಎಂದು ದೆರ್ನಾ ಕಿತ್ತುಕೊಂಡಳು.

ಮುದುಕ ಲೊಚ್ ಎಂದ.